0.07 ಬಂತು ಅಂತ ಥೀಸಿಸ್ ಕೆಡುತ್ತಾ? ಓದುಗರ ಲೆಕ್ಕದ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ‘ಅಂಕಿಅಂಶದ ಪ್ರಶ್ನೆ ಇದ್ದರೆ ಕಳಿಸಿ’ ಅಂತ ಸುಮ್ನೆ ಒಂದು ಸಾಲು ಬರೆದಿದ್ದೆ. ಮಡಿಕೇರಿಯಲ್ಲಿ ಕೂತು ಮೂವತ್ತು ವರ್ಷ ಸ್ಟಾಟಿಸ್ಟಿಕ್ಸ್ ಪಾಠ ಮಾಡಿದವನಿಗೆ ನಿವೃತ್ತಿ ಆದಮೇಲೆ ಯಾರು ಪ್ರಶ್ನೆ ಕೇಳ್ತಾರೆ ಅಂದುಕೊಂಡಿದ್ದೆ. ಕೇಳಿದ್ದಾರೆ. ಥೀಸಿಸ್ ಬರೆಯುವವರು, ತೋಟದವರು, ಮಳೆ ಪುಸ್ತಕ ಇಟ್ಟವರು, ಮನೆಯಲ್ಲಿ ಕಾಫಿ ಬಗ್ಗೆ ಜಗಳ ಆಡುವವರು. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ. ಏಳನ್ನು ಆರಿಸಿದ್ದೇನೆ.

ಪ್ರಶ್ನೆ (ಮಡಿಕೇರಿ, ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ): ಹೋಂಸ್ಟೇ ನಡೆಸುವ 25 ಮಹಿಳೆಯರು, ನಡೆಸದ 25 ಮಹಿಳೆಯರು, ಇವರ ತಿಂಗಳ ಉಳಿತಾಯ ಹೋಲಿಸಿದ್ದೇನೆ. ಹೋಂಸ್ಟೇಯವರದ್ದು ಸರಾಸರಿ 1,800 ರೂಪಾಯಿ ಜಾಸ್ತಿ. ಆದರೆ ಎರಡು ಸರಾಸರಿ ಹೋಲಿಸುವ ಟಿ ಟೆಸ್ಟ್‌ನಲ್ಲಿ ಪಿ ವ್ಯಾಲ್ಯೂ 0.07 ಬಂತು. ಗೈಡ್ ‘0.05ರ ಒಳಗೆ ತನ್ನಿ’ ಅಂದರು. ಗೆಳತಿ ‘ಒನ್ ಟೈಲ್ ಮಾಡು, ಅರ್ಧ ಆಗಿ 0.035 ಬರುತ್ತೆ’ ಅಂತಾಳೆ. ಮಾಡ್ಲಾ?

ಉತ್ತರ: ಬೇಡ. ಮತ್ತೆ ಗಾಬರಿಯೂ ಬೇಡ, ನಿಮ್ಮ ಥೀಸಿಸ್ ಕೆಟ್ಟಿಲ್ಲ.

0.07 ಅಂದರೆ ಏನು ಅಂತ ಮೊದಲು ನೋಡೋಣ. ಹೋಂಸ್ಟೇಗೂ ಉಳಿತಾಯಕ್ಕೂ ಸಂಬಂಧವೇ ಇಲ್ಲ ಅಂತ ಇಟ್ಟುಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಶೂನ್ಯ ಪ್ರಾಕ್ಕಲ್ಪನೆ ಅಂತ ಇರುವುದು ಇದೇ. ಹಾಗಿದ್ದರೂ, ಬರೀ 25-25 ಜನರನ್ನು ಆರಿಸಿದ ಕಾರಣಕ್ಕೇ, ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸಬಹುದು. ಅದರ ಸಾಧ್ಯತೆ ನೂರಕ್ಕೆ ಏಳು. ಅಷ್ಟೇ ಅದರ ಅರ್ಥ. ‘ನನ್ನ ಊಹೆ ತಪ್ಪಾಗಿರುವ ಸಾಧ್ಯತೆ ನೂರಕ್ಕೆ ಏಳು’ ಅಂತ ಓದಬೇಡಿ, ವೈವಾದಲ್ಲಿ ಹಿಡಿಯುತ್ತಾರೆ. ವ್ಯತ್ಯಾಸ ದೊಡ್ಡದಾ ಸಣ್ಣದಾ ಅನ್ನುವುದನ್ನೂ ಅದು ಹೇಳುವುದಿಲ್ಲ.

ಇನ್ನು ಈ 0.05. ಅದೇನು ಕಲ್ಲಿನಲ್ಲಿ ಕೆತ್ತಿದ ಶಾಸನವಲ್ಲ. ಇಪ್ಪತ್ತಕ್ಕೆ ಒಂದು ಅನ್ನುವುದು ಗೆರೆ ಎಳೆಯಲು ಅನುಕೂಲ ಅಂತ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಬರೆದರು. ಆಮೇಲೆ ಬಂದವರು ಅದನ್ನು ಪೂಜೆಗೆ ಇಟ್ಟರು. ಕೊನೆಗೆ 2016ರಲ್ಲಿ ಅಮೆರಿಕದ ಸ್ಟಾಟಿಸ್ಟಿಕಲ್ ಅಸೋಸಿಯೇಷನ್, ಪಿ ವ್ಯಾಲ್ಯೂ ಒಂದು ಗೆರೆ ದಾಟಿತಾ ಇಲ್ಲವಾ ಅಂತ ನೋಡಿ ಮಾತ್ರ ತೀರ್ಮಾನ ಮಾಡಬೇಡಿ ಅಂತ ಹೇಳಿಕೆಯನ್ನೇ ಕೊಡಬೇಕಾಯಿತು.

ಗೆಳತಿಯ ಸಲಹೆಗೆ ಬರೋಣ. ಒನ್ ಟೈಲ್ ಟೆಸ್ಟ್, ಅಂದರೆ ‘ಹೋಂಸ್ಟೇಯವರದ್ದೇ ಜಾಸ್ತಿ’ ಅನ್ನುವ ಒಂದೇ ದಿಕ್ಕನ್ನು ನೋಡುವುದು, ತಪ್ಪಲ್ಲ. ಆದರೆ ಅದನ್ನು ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಮೊದಲೇ ನಿರ್ಧರಿಸಿರಬೇಕು. ಉತ್ತರ ನೋಡಿದ ಮೇಲೆ ಬಾಲ ಕತ್ತರಿಸುವುದು ಅಂದರೆ, ಕೈಲ್ ಮುಹೂರ್ತ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಮೊದಲು ಗುಂಡು ಹಾರಿಸಿ, ಆಮೇಲೆ ಗುಂಡು ತಾಗಿದ ಕೊಂಬೆಗೆ ಹೋಗಿ ತೆಂಗಿನಕಾಯಿ ಕಟ್ಟಿ ಬಹುಮಾನ ಕೇಳಿದ ಹಾಗೆ. ಉಳಿತಾಯದಲ್ಲಿ ಬರಲಿಲ್ಲ, ಸಾಲದಲ್ಲಿ ನೋಡೋಣ, ಅಲ್ಲೂ ಇಲ್ಲ, ಚಿನ್ನದಲ್ಲಿ ನೋಡೋಣ ಅಂತ ಹೋಗುವುದೂ ಇದೇ ಜಾತಿ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿದರೆ, ನಿಜದಲ್ಲಿ ಎಲ್ಲೂ ಏನೂ ಇಲ್ಲದಿದ್ದರೂ, ಕನಿಷ್ಠ ಒಂದು 0.05ರ ಒಳಗೆ ಬೀಳುವ ಸಾಧ್ಯತೆ ಶೇ. 64. ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಹಾಗಾದರೆ ಬರೆಯುವುದೇನು? ಇದ್ದದ್ದನ್ನು ಬರೆಯಿರಿ. ನೀವು ಕಳಿಸಿದ ಔಟ್‌ಪುಟ್‌ನಲ್ಲಿ ಶೇ. 95ರ ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅನ್ನುವ ಅಂದಾಜು) ಮೈನಸ್ 150ರಿಂದ 3,750 ರೂಪಾಯಿವರೆಗೆ ಅಂತ ಇದೆಯಲ್ಲ, ಅದೇ ನಿಮ್ಮ ಥೀಸಿಸ್‌ನ ಅತಿ ಮುಖ್ಯ ಸಾಲು. ‘ಹೋಂಸ್ಟೇ ನಡೆಸುವವರ ಉಳಿತಾಯ ಸರಾಸರಿ 1,800 ರೂಪಾಯಿ ಜಾಸ್ತಿ ಕಂಡುಬಂದಿದೆ. ಆದರೆ ಈ ಅಂಕಿಗಳ ಪ್ರಕಾರ ನಿಜವಾದ ವ್ಯತ್ಯಾಸ ಏನೂ ಇಲ್ಲದಿರಬಹುದು, 3,700 ದಾಟಿಯೂ ಇರಬಹುದು. ಪಿ ವ್ಯಾಲ್ಯೂ 0.07.’ ಇಷ್ಟು ಬರೆದರೆ ಸಾಕು. ‘ವ್ಯತ್ಯಾಸ ಇಲ್ಲವೆಂದು ಸಾಬೀತಾಗಿದೆ’ ಅಂತ ಮಾತ್ರ ಬರೆಯಬೇಡಿ, ಏಕೆಂದರೆ ನೀವು ಅದನ್ನು ಸಾಬೀತು ಮಾಡಿಲ್ಲ.

ಜನ ಕಡಿಮೆ ಆಯಿತು ಅನ್ನುವುದನ್ನೂ ಸೇರಿಸಿ. ಎರಡು ಗುಂಪಿನ ನಡುವೆ ಅರ್ಧ ಮಾನಕ ವಿಚಲನೆಯಷ್ಟು (ಅಂಕಿಗಳ ಏರಿಳಿತದ ಅಳತೆ ಅದು, ಮುಂದಿನ ಉತ್ತರದಲ್ಲಿ ಲೆಕ್ಕ ಇದೆ) ವ್ಯತ್ಯಾಸ ನಿಜವಾಗಿಯೂ ಇದ್ದರೂ, ಅದನ್ನು ಹತ್ತರಲ್ಲಿ ಎಂಟು ಸಲ ಹಿಡಿಯಬೇಕಾದರೆ ಗುಂಪಿಗೆ ಸುಮಾರು 64 ಜನ ಬೇಕು. 25 ಜನರಲ್ಲಿ ಅರ್ಧದಷ್ಟು ಸಲವೂ ಸಿಗುವುದಿಲ್ಲ. ಈ ಲೆಕ್ಕವನ್ನು ಸಿನಾಪ್ಸಿಸ್ ಬರೆಯುವಾಗಲೇ ಯಾರಾದರೂ ನಿಮಗೆ ಹೇಳಬೇಕಿತ್ತು.

ಇನ್ನೊಂದು ಅನುಮಾನ. ಉಳಿತಾಯ, ಸಂಬಳ, ಸಾಲ ಇಂಥ ದುಡ್ಡಿನ ಅಂಕಿಗಳು ಯಾವಾಗಲೂ ಒಂದು ಕಡೆ ವಾಲಿರುತ್ತವೆ. ಹೆಚ್ಚಿನವರದ್ದು ಎರಡು ಮೂರು ಸಾವಿರ, ಇಬ್ಬರದ್ದು ಮಾತ್ರ ಇಪ್ಪತ್ತು ಸಾವಿರ. ಆ ಇಬ್ಬರೇ ಸರಾಸರಿಯನ್ನು ಎಳೆದುಕೊಂಡು ಹೋಗುತ್ತಾರೆ. ಟೆಸ್ಟ್ ಮಾಡುವ ಮೊದಲು 50 ಅಂಕಿಗಳನ್ನೂ ಒಂದು ಹಾಳೆಯ ಮೇಲೆ ಚುಕ್ಕೆ ಇಟ್ಟು ನೋಡಿದ್ರಾ? ಇಲ್ಲದಿದ್ದರೆ ಇವತ್ತೇ ನೋಡಿ. ಮಧ್ಯಾಂಕವನ್ನೂ, ಅಂದರೆ ಅಂಕಿಗಳನ್ನು ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವುದನ್ನೂ, ಕೊಡಿ.

ಪ್ರಶ್ನೆ (ಪೊನ್ನಂಪೇಟೆ ಹತ್ತಿರದ ಬೆಳೆಗಾರರು): ಹೊಸ ಗೊಬ್ಬರವೊಂದನ್ನು ಎಂಟು ರೋಬಸ್ಟಾ ಗಿಡಕ್ಕೆ ಹಾಕಿ, ಎಂಟಕ್ಕೆ ಹಾಕದೆ ಬಿಟ್ಟೆ. ಹಾಕಿದ ಗಿಡದಲ್ಲಿ ಹಣ್ಣು ಕೆಜಿ ಲೆಕ್ಕದಲ್ಲಿ 5, 3, 6, 4, 7, 4, 5, 6. ಹಾಕದ್ದರಲ್ಲಿ 4, 3, 5, 4, 6, 3, 4, 3. ಗಿಡಕ್ಕೆ ಒಂದು ಕೆಜಿ ಜಾಸ್ತಿ ಅಂತ ಮಾರುವವರು ಕುಣಿಯುತ್ತಿದ್ದಾರೆ. ಇಡೀ ತೋಟಕ್ಕೆ ತರಿಸಲಾ?

ಉತ್ತರ: ತೂಕ ಮಾಡಿ ಬರೆದಿಟ್ಟಿದ್ದೀರಲ್ಲ, ಅದಕ್ಕೆ ಮೊದಲು ನಮಸ್ಕಾರ. ಹೆಚ್ಚಿನವರು ‘ಈ ಸಲ ಚೆನ್ನಾಗಿ ಬಂದಿದೆ’ ಅಂತ ಕಣ್ಣಂದಾಜಿನಲ್ಲೇ ಮುಗಿಸುತ್ತಾರೆ.

ಸರಾಸರಿ ನೋಡಿದರೆ 5 ಮತ್ತು 4, ಸರಿ. ಆದರೆ ಅಂಕಿಗಳ ಒಳಗೆ ನೋಡಿ. ಗೊಬ್ಬರ ಹಾಕಿಯೂ 3 ಕೆಜಿ ಕೊಟ್ಟ ಗಿಡ ಇದೆ. ಹಾಕದೆಯೂ 6 ಕೊಟ್ಟದ್ದು ಇದೆ. ಗಿಡದಿಂದ ಗಿಡಕ್ಕೆ ಎಷ್ಟು ಏರಿಳಿತ ಅಂತ ಅಳೆಯುವುದಕ್ಕೇ ಮಾನಕ ವಿಚಲನೆ ಇರುವುದು. ಪ್ರತಿ ಗಿಡ ಸರಾಸರಿಯಿಂದ ಎಷ್ಟು ದೂರ ಅಂತ ತೆಗೆದು, ವರ್ಗ ಮಾಡಿ, ಕೂಡಿಸಿ, 7ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಮೊದಲ ಗುಂಪಿನದ್ದು 1.31, ಎರಡನೆಯದ್ದು 1.07. ಅಂದರೆ ಗಿಡಗಳ ಸ್ವಂತ ಏರಿಳಿತವೇ ಒಂದು ಕೆಜಿಗಿಂತ ಜಾಸ್ತಿ. ರೋಬಸ್ಟಾ ಬೇರೆ ಗಿಡದ ಪರಾಗ ಬೇಕಾಗುವ ಜಾತಿ. ಬೀಜದಿಂದ ಬಂದ ಗಿಡಗಳು ಅಣ್ಣತಮ್ಮಂದಿರಂತೆ, ಒಬ್ಬರಂತೆ ಒಬ್ಬರಿಲ್ಲ.

ಈ ಏರಿಳಿತವನ್ನೂ ಗಿಡಗಳ ಸಂಖ್ಯೆಯನ್ನೂ ಸೇರಿಸಿದರೆ, ಸರಾಸರಿಗಳ ವ್ಯತ್ಯಾಸದಲ್ಲಿ ಇರಬಹುದಾದ ಅಂದಾಜು ತಪ್ಪು ಸುಮಾರು 0.60 ಕೆಜಿ. ಒಂದು ಕೆಜಿಯನ್ನು ಅದರಿಂದ ಭಾಗಿಸಿ. 1.67. ಇದೇ ಟಿ. 14 ಸ್ವಾತಂತ್ರ್ಯ ಮಟ್ಟಕ್ಕೆ (ಇದೇನು ಅಂತ ಮುಂದಿನ ಉತ್ತರದಲ್ಲಿದೆ) 0.05ರ ಗೆರೆ ದಾಟಲು ಟೇಬಲ್‌ನಲ್ಲಿ ಬೇಕಾದದ್ದು 2.145. ತಲುಪಲಿಲ್ಲ. ಪಿ ವ್ಯಾಲ್ಯೂ ಸುಮಾರು 0.12.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ನಿಮ್ಮ ಕಾಗದದ ಹಿಂದೆ ಪೆನ್ಸಿಲಿನಲ್ಲಿ ‘ಹಾಕಿದ ಗಿಡದ ಪಕ್ಕದ ಗಿಡ ಹಾಕದ್ದು’ ಅಂತ ಬರೆದಿದ್ದೀರಿ. ಅದನ್ನು ನೋಡಿ ನಾನು ಕುರ್ಚಿಯಿಂದ ಎದ್ದೆ. ಅಂದರೆ ಇವು ಎಂಟು ಜೋಡಿ! ಒಂದೇ ನೆರಳು, ಒಂದೇ ಮಣ್ಣು, ಒಂದೇ ಸ್ಪ್ರಿಂಕ್ಲರ್ ನೀರು ಸಿಕ್ಕ ಜೋಡಿ. ನೀವು ಬರೆದ ಕ್ರಮದಲ್ಲೇ ಜೋಡಿ ಮಾಡಿ ಕಳೆದರೆ ವ್ಯತ್ಯಾಸ 1, 0, 1, 0, 1, 1, 1, 3. ಸರಾಸರಿ ಅದೇ 1 ಕೆಜಿ. ಆದರೆ ಈ ವ್ಯತ್ಯಾಸಗಳ ಮಾನಕ ವಿಚಲನೆ ಬರೀ 0.93. ಟಿ 3.06 ಆಗುತ್ತದೆ, 7 ಸ್ವಾತಂತ್ರ್ಯ ಮಟ್ಟಕ್ಕೆ ಬೇಕಾದದ್ದು 2.365. ಪಿ ವ್ಯಾಲ್ಯೂ 0.02ರ ಒಳಗೆ.

ಅಂಕಿ ಅದೇ, ತೀರ್ಮಾನ ಬೇರೆ. ಏಕೆ? ಒಳ್ಳೆಯ ಜಾಗದ ಗಿಡ, ಕೆಟ್ಟ ಜಾಗದ ಗಿಡ ಅನ್ನುವ ಏರಿಳಿತ ಜೋಡಿ ಮಾಡಿದ ತಕ್ಷಣ ಕಳೆದುಹೋಯಿತು. ಉಳಿದದ್ದು ಗೊಬ್ಬರದ ಮಾತು ಮಾತ್ರ. ಆದರೆ ಜೋಡಿ ತೋಟದಲ್ಲಿ ಮೊದಲೇ ಆಗಿರಬೇಕು. ಹಣ್ಣು ತೂಗಿದ ಮೇಲೆ ಬೇಕಾದ ಹಾಗೆ ಜೋಡಿಸಿದರೆ ಅದು ಮೇಲೆ ಹೇಳಿದ ತೆಂಗಿನಕಾಯಿ ಕಥೆಯೇ.

ಟಿ ಟೆಸ್ಟ್ ಹುಟ್ಟಿದ್ದೂ ಇಂಥದೇ ಬೇಸಾಯದ ತಲೆನೋವಿನಿಂದ. ವಿಲಿಯಂ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಬಾರ್ಲಿ, ಹಾಪ್ಸ್ ಇವುಗಳ ಪರೀಕ್ಷೆಯಲ್ಲಿ ಅವರಿಗೆ ಸಿಗುತ್ತಿದ್ದದ್ದು ನಾಲ್ಕೋ ಎಂಟೋ ಅಳತೆ. ಆಗಿನ ಲೆಕ್ಕಗಳೆಲ್ಲ ನೂರಾರು ಅಳತೆ ಇದ್ದರೆ ಮಾತ್ರ ನಡೆಯುತ್ತಿದ್ದವು. ಕಡಿಮೆ ಅಳತೆಗೂ ನಡೆಯುವ ಲೆಕ್ಕವನ್ನು ಅವರು 1908ರಲ್ಲಿ ಪ್ರಕಟಿಸಿದರು. ಸ್ವಂತ ಹೆಸರು ಹಾಕಲು ಕಂಪನಿ ಬಿಡದ ಕಾರಣ ‘ಸ್ಟೂಡೆಂಟ್’ ಅಂತ ಹಾಕಿದರು. ಇವತ್ತಿಗೂ ಅದು ಸ್ಟೂಡೆಂಟ್ ಟಿ ಟೆಸ್ಟ್.

ಇಡೀ ತೋಟಕ್ಕೆ ತರಿಸಬೇಕಾ ಅಂದರೆ, ನಾನಾಗಿದ್ದರೆ ಇನ್ನೊಂದು ವರ್ಷ ಕಾಯುತ್ತಿದ್ದೆ. ಒಂದು, ಕಾಫಿ ಒಂದು ವರ್ಷ ಜಾಸ್ತಿ ಕೊಟ್ಟು ಮರುವರ್ಷ ಸುಸ್ತಾಗುವ ಬೆಳೆ. ಇನ್ನೊಂದು, 3 ಕೆಜಿ ವ್ಯತ್ಯಾಸ ತೋರಿಸಿದ ಆ ಕೊನೆಯ ಜೋಡಿ ನನಗೆ ಕಣ್ಣು ಕುಕ್ಕುತ್ತಿದೆ. ಹೋಗಿ ಆ ಎರಡು ಗಿಡ ನೋಡಿ ಬನ್ನಿ. ಒಂದರ ಬುಡಕ್ಕೆ ಏನಾದರೂ ಆಗಿದೆಯಾ? ಇನ್ನೊಂದು ಲೈನ್ ಮನೆಯ ಕೊಟ್ಟಿಗೆ ಪಕ್ಕದಲ್ಲಿದೆಯಾ? ಮುಂದಿನ ಸಲ ಇಪ್ಪತ್ತು ಜೋಡಿ ಮಾಡಿ. ಜೋಡಿಯಲ್ಲಿ ಯಾವುದಕ್ಕೆ ಗೊಬ್ಬರ ಅಂತ ನಾಣ್ಯ ಚಿಮ್ಮಿ ತೀರ್ಮಾನಿಸಿ. ನೀವೇ ಆರಿಸಿದರೆ ಕೈ ತಾನಾಗಿ ಚೆನ್ನಾಗಿರುವ ಗಿಡದ ಕಡೆಗೆ ಹೋಗುತ್ತದೆ, ಎಷ್ಟೇ ಪ್ರಾಮಾಣಿಕರಾಗಿದ್ದರೂ. ಮತ್ತೆ ಒಂದು ಕೆಜಿ ಹಣ್ಣಿನ ದುಡ್ಡು ಗೊಬ್ಬರದ ಖರ್ಚಿಗಿಂತ ಜಾಸ್ತಿ ಆಗುತ್ತಾ ಅನ್ನುವುದನ್ನು ಯಾವ ಟೆಸ್ಟೂ ಹೇಳುವುದಿಲ್ಲ, ಅದು ನಿಮ್ಮ ಖಾತೆ ಪುಸ್ತಕದಲ್ಲಿದೆ.

ಪ್ರಶ್ನೆ (ಕುಶಾಲನಗರ, ಪಿಯು ವಿದ್ಯಾರ್ಥಿ): ಎಂಟು ಅಂಕಿ ಇದ್ದರೆ ಏಳರಿಂದ ಏಕೆ ಭಾಗಿಸಬೇಕು? ಮತ್ತೆ, ಕಾಮರ್ಸ್‌ನ ಎಸ್‌ಇಬಿಎ ಕಾಂಬಿನೇಷನ್‌ನಲ್ಲಿ ಸ್ಟಾಟಿಸ್ಟಿಕ್ಸ್ ತಗೊಂಡದ್ದಕ್ಕೆ ಮನೆಯಲ್ಲಿ ‘ಇದರಿಂದ ಏನಾಗ್ತೀಯಾ’ ಅಂತಾರೆ.

ಉತ್ತರ: ಎಂಟು ಜನ ಊಟಕ್ಕೆ ಕೂತಿದ್ದಾರೆ, ಪಾತ್ರೆಯಲ್ಲಿ 40 ಕಡಂಬಿಟ್ಟು. ಒಬ್ಬೊಬ್ಬರಿಗೆ ಸರಾಸರಿ 5. ಏಳು ಜನ ತಮಗೆ ಬೇಕಾದಷ್ಟು ತಗೊಂಡರು. ಎಂಟನೆಯವರಿಗೆ ಆಯ್ಕೆ ಎಲ್ಲಿದೆ? ಉಳಿದದ್ದೇ ಗತಿ. ಸರಾಸರಿ ಗೊತ್ತಾದ ಮೇಲೆ ಸ್ವತಂತ್ರವಾಗಿ ಇರುವುದು ಏಳೇ ಅಂಕಿ. ಅದಕ್ಕೇ ಅದನ್ನು ಸ್ವಾತಂತ್ರ್ಯ ಮಟ್ಟ ಅನ್ನುವುದು. ಎಂಟರಿಂದ ಭಾಗಿಸಿದರೆ ಏರಿಳಿತ ನಿಜಕ್ಕಿಂತ ಕಡಿಮೆ ಕಾಣುತ್ತದೆ.

ಮನೆಯವರಿಗೆ ಸಿ.ಆರ್. ರಾವ್ ಬಗ್ಗೆ ಹೇಳಿ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ಮಹಾಲನೋಬಿಸ್ ಕಟ್ಟಿದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬೆಳೆದವರು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು.

ಪ್ರಶ್ನೆ (ಸಿದ್ದಾಪುರ, ಎಂಎ ವಿದ್ಯಾರ್ಥಿನಿ): ಹಲಸಿನ ಮರ ಇರುವ ತೋಟಕ್ಕೆ ಆನೆ ಜಾಸ್ತಿ ಬರುತ್ತಾ ಅನ್ನುವುದು ನನ್ನ ಹೈಪಾಥಿಸಿಸ್. ಹಲಸು ಇರುವ 50 ತೋಟಗಳಲ್ಲಿ 30ಕ್ಕೆ ಆನೆ ಬಂದಿತ್ತು. ಹಲಸು ಇಲ್ಲದ 50ರಲ್ಲಿ 18ಕ್ಕೆ. ಕೈ ಸ್ಕ್ವೇರ್ ಮಾಡಿದೆ, 11.54 ಬಂತು. ಸರಿಯಾ?

ಉತ್ತರ: ಟೆಸ್ಟ್ ಸರಿ, ಉತ್ತರ ತಪ್ಪು. ಎಲ್ಲಿ ತಪ್ಪಿದ್ದೀರಿ ಅಂತ ಉತ್ತರದಿಂದಲೇ ಗೊತ್ತಾಯಿತು. ನೀವು ತೋಟಗಳ ಸಂಖ್ಯೆ ಬದಲು ಶೇಕಡಾವಾರು ಹಾಕಿದ್ದೀರಿ, 60, 40, 36, 64 ಅಂತ. ಕಂಪ್ಯೂಟರ್‌ಗೆ ಏನು ಗೊತ್ತು, 200 ತೋಟ ನೋಡಿದ್ದೀರಿ ಅಂದುಕೊಂಡಿತು. ಕೈ ಸ್ಕ್ವೇರ್‌ಗೆ ಯಾವಾಗಲೂ ತಲೆ ಎಣಿಕೆಯನ್ನೇ ಕೊಡಬೇಕು.

ಸರಿಯಾಗಿ ಮಾಡೋಣ. 100 ತೋಟದಲ್ಲಿ ಒಟ್ಟು 48ಕ್ಕೆ ಆನೆ ಬಂದಿದೆ. ಹಲಸಿಗೂ ಆನೆಗೂ ಸಂಬಂಧ ಇಲ್ಲದಿದ್ದರೆ ಎರಡೂ ಗುಂಪಿನಲ್ಲಿ 24-24 ತೋಟಕ್ಕೆ ಬರಬೇಕಿತ್ತು, 26-26ಕ್ಕೆ ಬರಬಾರದಿತ್ತು. ಟೇಬಲ್‌ನ ನಾಲ್ಕು ಮನೆಗಳಲ್ಲಿ ಪ್ರತಿಯೊಂದರಲ್ಲೂ ಬಂದದ್ದಕ್ಕೂ ಬರಬೇಕಾದದ್ದಕ್ಕೂ ವ್ಯತ್ಯಾಸ 6. ಅದರ ವರ್ಗ 36. 36ನ್ನು 24ರಿಂದ ಎರಡು ಸಲ, 26ರಿಂದ ಎರಡು ಸಲ ಭಾಗಿಸಿ ಕೂಡಿಸಿದರೆ 5.77. ಒಂದು ಸ್ವಾತಂತ್ರ್ಯ ಮಟ್ಟಕ್ಕೆ 3.84 ದಾಟಿದರೆ 0.05ರ ಒಳಗೆ. ದಾಟಿದೆ. ಪಿ ವ್ಯಾಲ್ಯೂ ಸುಮಾರು 0.016. ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಈ ಲೆಕ್ಕವನ್ನು ಕೈಯಲ್ಲೇ ಒಮ್ಮೆ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಈಗ ಅದಕ್ಕಿಂತ ದೊಡ್ಡ ತೊಂದರೆ. ಈ ಟೆಸ್ಟ್ ಪ್ರತಿ ತೋಟವೂ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ತಾಗುವುದಿಲ್ಲ ಅಂತ ನಂಬಿಕೊಂಡು ನಡೆಯುತ್ತದೆ. ಆನೆಗೆ ಅದು ಗೊತ್ತಾ? ಒಂದೇ ಹಿಂಡು ರಾತ್ರಿ ಒಂದು ತೋಟದ ಬೇಲಿ ಮುರಿದು, ಹಲಸು ತಿಂದು, ಪಕ್ಕದ ತೋಟದ ಕೆರೆಯಲ್ಲಿ ನೀರು ಕುಡಿದು, ಮೂರನೆಯದರ ಮೂಲಕ ಕಾಡು ಸೇರುತ್ತದೆ. ನಿಮ್ಮ ಪುಸ್ತಕದಲ್ಲಿ ಅದು ಮೂರು ‘ಹೌದು’. ಅಕ್ಕಪಕ್ಕದ ತೋಟಗಳನ್ನೇ ಜಾಸ್ತಿ ಆರಿಸಿದ್ದರೆ ನಿಮ್ಮ 100 ನಿಜವಾದ 100 ಅಲ್ಲ, ಮೂವತ್ತೋ ನಲವತ್ತೋ ಇರಬಹುದು. ಆಗ 0.016ಕ್ಕೆ ಅಷ್ಟು ಬೆಲೆ ಇರುವುದಿಲ್ಲ. ಕಾಡಿನ ಅಂಚಿನಿಂದ ಪ್ರತಿ ತೋಟ ಎಷ್ಟು ದೂರ ಅಂತಲೂ ಬರೆದುಕೊಳ್ಳಿ. ಕಾಡಿಗೆ ಹತ್ತಿರ ಇರುವ ತೋಟಗಳಲ್ಲೇ ಹಲಸು ಜಾಸ್ತಿ ಉಳಿದಿದ್ದರೆ, ಆನೆ ಬಂದದ್ದು ಹಲಸಿಗಾ, ಹತ್ತಿರ ಅಂತಲಾ? ದೂರದ ಪ್ರಕಾರ ಎರಡು ಭಾಗ ಮಾಡಿ, ಒಂದೊಂದರಲ್ಲೂ ಬೇರೆ ಟೇಬಲ್ ಹಾಕಿ ನೋಡಿ. ಯಾವುದಾದರೂ ಮನೆಯಲ್ಲಿ ಬರಬೇಕಾದ ಸಂಖ್ಯೆ 5ಕ್ಕಿಂತ ಕಡಿಮೆಯಾದರೆ ಕೈ ಸ್ಕ್ವೇರ್ ಬಿಟ್ಟು, ಸಣ್ಣ ಎಣಿಕೆಗೂ ನಡೆಯುವ ಫಿಶರ್ ಎಕ್ಸಾಕ್ಟ್ ಟೆಸ್ಟ್ ಬಳಸಿ.

ಪ್ರಶ್ನೆ (ನಾಪೋಕ್ಲು): ಮನೆಯಲ್ಲಿ 1991ರಿಂದ ಮಳೆ ಪುಸ್ತಕ ಇದೆ. ಮಳೆ ಕಡಿಮೆ ಆಗ್ತಾ ಇದೆ ಅಂತ ಅಪ್ಪ, ಜಾಸ್ತಿ ಆಗ್ತಾ ಇದೆ ಅಂತ ನಾನು. ಸರಾಸರಿ ತೆಗೆದರೆ ಸಾಕಲ್ವಾ?

ಉತ್ತರ: ಇಬ್ಬರೂ ಸರಿ ಇರಬಹುದು. ಅಪ್ಪ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಗ್ಗೆ ಯೋಚಿಸುತ್ತಿದ್ದಾರೆ, ನೀವು ಗುಡ್ಡ ಕುಸಿದ 2018ರ ಆಗಸ್ಟ್ ಬಗ್ಗೆ ಯೋಚಿಸುತ್ತಿದ್ದೀರಿ. ‘ಮಳೆ’ ಅಂತ ಒಂದೇ ಪ್ರಶ್ನೆ ಇಲ್ಲ.

ಸರಾಸರಿ ಹೇಗೆ ಮೋಸ ಮಾಡುತ್ತದೆ ಅಂತ ಸುಮ್ನೆ ಒಂದು ಲೆಕ್ಕ. ಐದು ವರ್ಷದ ಜುಲೈ ಮಳೆ 30, 32, 35, 38, 65 ಇಂಚು ಅಂತ ಇಟ್ಟುಕೊಳ್ಳಿ. ಸರಾಸರಿ 40. ಐದರಲ್ಲಿ ನಾಲ್ಕು ವರ್ಷ ಸರಾಸರಿಗಿಂತ ಕಡಿಮೆ ಮಳೆ! ಮಧ್ಯಾಂಕ 35, ಅದು ಮಾಮೂಲಿ ವರ್ಷಕ್ಕೆ ಹತ್ತಿರ. ಹಾಗಂತ 65ನ್ನು ಹೊಡೆದು ಹಾಕಬೇಡಿ. ಗುಡ್ಡ ಕುಸಿಯುವುದು ಸರಾಸರಿ ಮಳೆಗಲ್ಲ. ಎರಡನ್ನೂ ಬರೆಯಿರಿ, ಜೊತೆಗೆ ಅತಿ ಕಡಿಮೆ, ಅತಿ ಜಾಸ್ತಿ ಎಷ್ಟು ಅಂತ.

ಹೂಮಳೆ ಪ್ರಶ್ನೆಯೇ ಬೇಕು ಅಂದರೆ, ಪುಸ್ತಕ ತೆರೆಯುವ ಮೊದಲೇ ಹಾಳೆಯಲ್ಲಿ ಬರೆದುಕೊಳ್ಳಿ: ಜನವರಿ 1ರಿಂದ ಎಣಿಸಿ, ಒಂದೇ ದಿನದಲ್ಲಿ ಒಂದು ಇಂಚು ಮೊದಲು ಬಿದ್ದದ್ದು ಎಷ್ಟನೇ ದಿನ? ವರ್ಷಕ್ಕೆ ಒಂದು ಅಂಕಿ. ಮೂವತ್ತು ಚಿಲ್ಲರೆ ಅಂಕಿ ಸಿಗುತ್ತವೆ. ಅದನ್ನು ವರ್ಷದ ಎದುರು ಚುಕ್ಕೆ ಹಾಕಿ ನೋಡಿ, ಆಮೇಲೆ ಸ್ಪಿಯರ್‌ಮನ್ ಸಹಸಂಬಂಧ ತೆಗೆಯಿರಿ. ಅದು ಅಂಕಿ ಎಷ್ಟು ಅಂತ ನೋಡದೆ, ಎಷ್ಟನೇ ಸ್ಥಾನ ಅಂತ ಮಾತ್ರ ನೋಡಿ, ಎರಡು ಜೊತೆಜೊತೆಗೆ ಏರಿಳಿಯುತ್ತವಾ ಅಂತ ಹೇಳುತ್ತದೆ. ಒಂದೆರಡು ವಿಚಿತ್ರ ವರ್ಷಗಳಿಗೆ ಅದು ಹೆದರುವುದಿಲ್ಲ. ಆದರೆ ‘2000ದಿಂದ ನೋಡಿದರೆ ಹೀಗೆ, 2005ರಿಂದ ನೋಡಿದರೆ ಹಾಗೆ’ ಅಂತ ಬೇಕಾದ ಕಡೆ ಕತ್ತರಿ ಹಾಕಬೇಡಿ. ವಿಶ್ವ ಹವಾಮಾನ ಸಂಸ್ಥೆ ಮಾಮೂಲಿ ಹವೆ ಅಂತ ಲೆಕ್ಕ ಹಾಕಲು 30 ವರ್ಷ ತೆಗೆದುಕೊಳ್ಳುತ್ತದೆ, ಈಗಿನದು 1991ರಿಂದ 2020. ನಿಮ್ಮ ಪುಸ್ತಕ ಸರಿಯಾಗಿ ಅಲ್ಲಿಂದಲೇ ಶುರು, ಅದೃಷ್ಟವಂತರು.

ನಮ್ಮ ಮನೆಯದ್ದೇ ಒಂದು ಎಡವಟ್ಟು ಹೇಳುತ್ತೇನೆ. ನಮ್ಮ ತಂದೆ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆಯುತ್ತಿದ್ದರು, ‘2 ಇಂಚು 40 ಸೆಂಟು’ ಅಂತ. ಅವರ ನಂತರ ಹಳೆ ಮಾಪಕ ಒಡೆದು, ನಾನು ಹೊಸದು ತಂದೆ. ಅದು ಮಿಲಿಮೀಟರಿನದ್ದು. ನಾನು 61 ಅಂತ ಬರೆದೆ. ಎಷ್ಟೋ ವರ್ಷ ಆದಮೇಲೆ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದಾಗ ನಮ್ಮ ಮನೆ ಅಂಗಳದಲ್ಲಿ ಮಳೆ ಇದ್ದಕ್ಕಿದ್ದ ಹಾಗೆ 25 ಪಟ್ಟು ಜಾಸ್ತಿ ಆಗಿತ್ತು! ಟಿ ಟೆಸ್ಟ್ ಮಾಡಿದ್ದರೆ ಪಿ ವ್ಯಾಲ್ಯೂಗೆ ಸೊನ್ನೆಗಳು ಸಾಲುತ್ತಿರಲಿಲ್ಲ. ಒಂದು ಇಂಚು 25.4 ಮಿಲಿಮೀಟರ್. ನಿಮ್ಮ ಪುಸ್ತಕದಲ್ಲಿ ಮಾಪಕ ಬದಲಾದ, ಜಾಗ ಬದಲಾದ, ಮೇಲೆ ಸಿಲ್ವರ್ ಓಕ್ ಬೆಳೆದು ಮರೆಯಾದ ವರ್ಷ ಯಾವುದು ಅಂತ ಅಪ್ಪನನ್ನೇ ಕೇಳಿ.

ಮತ್ತೆ ಅದು ನಾಪೋಕ್ಲಿನ ಒಂದು ಅಂಗಳದ ಮಳೆ. ಭಾಗಮಂಡಲಕ್ಕೂ ಕುಶಾಲನಗರಕ್ಕೂ ಒಂದೇ ದಿನ ಅಜಗಜಾಂತರ. ‘ಕೊಡಗಿನಲ್ಲಿ ಮಳೆ’ ಅಂತ ಶೀರ್ಷಿಕೆ ಕೊಡಬೇಡಿ.

ಪ್ರಶ್ನೆ (ವಿರಾಜಪೇಟೆ, ಶಿಕ್ಷಕಿ, ಎಂಎಡ್ ಮಾಡುತ್ತಿರುವವರು): ‘ತುಂಬಾ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದವರೆಗೆ ಐದು ಅಂಕದ ಪ್ರಶ್ನಾವಳಿ. ಒಂದು ಪ್ರಶ್ನೆಗೆ ಸರಾಸರಿ 3.0 ಬಂದಿದೆ. ‘ಶಿಕ್ಷಕರು ತಟಸ್ಥರು’ ಅಂತ ಬರೆಯಬಹುದಾ?

ಉತ್ತರ: ಎಷ್ಟು ಜನ ಯಾವುದಕ್ಕೆ ಟಿಕ್ ಹಾಕಿದ್ದಾರೆ ಅಂತ ಮೊದಲು ಎಣಿಸಿ. ಅರ್ಧ ಜನ 5, ಅರ್ಧ ಜನ 1 ಹಾಕಿದರೂ ಸರಾಸರಿ 3 ಬರುತ್ತದೆ. ಅವರು ತಟಸ್ಥರಲ್ಲ, ಸ್ಟಾಫ್ ರೂಮಿನಲ್ಲಿ ಜಗಳ ನಡೆಯುತ್ತಿದೆ. ಒಂದೊಂದು ಪ್ರಶ್ನೆಗೆ ಎಣಿಕೆ ಮತ್ತು ಶೇಕಡಾ ಕೊಡಿ, ಎರಡು ಗುಂಪು ಹೋಲಿಸಲು, ಸರಾಸರಿ ಬದಲು ಸ್ಥಾನ ನೋಡುವ ಮ್ಯಾನ್ ವಿಟ್ನಿ ಟೆಸ್ಟ್ ಮಾಡಿ. ಇಪ್ಪತ್ತು ಪ್ರಶ್ನೆಗಳ ಒಟ್ಟು ಅಂಕವಾದರೆ ಟಿ ಟೆಸ್ಟ್‌ಗೆ ನನ್ನ ತಕರಾರಿಲ್ಲ, ಕೆಲವರಿಗೆ ಇದೆ.

ಪ್ರಶ್ನೆ (ಸುಂಟಿಕೊಪ್ಪ): ಕಾಫಿಗೆ ಚಿಕೋರಿ ಬೆರೆತಿದ್ದರೆ ಒಂದು ಗುಟುಕಿನಲ್ಲೇ ಹೇಳ್ತೀನಿ ಅಂತಾರೆ ನಮ್ಮ ಯಜಮಾನರು. ಹೇಗೆ ಪರೀಕ್ಷೆ ಮಾಡಲಿ?

ಉತ್ತರ: ಇದಕ್ಕೇ ಕಾಯುತ್ತಿದ್ದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಅನ್ನುವ ವಿಜ್ಞಾನಿ ಇದ್ದರು. ಕಪ್ಪಿಗೆ ಮೊದಲು ಹಾಲು ಹಾಕಿದ್ದಾ, ಚಹಾ ಹಾಕಿದ್ದಾ ಅಂತ ಕುಡಿದು ಹೇಳುತ್ತೇನೆ ಅಂದರು. ಮೇಲೆ ಬಂದ ಅದೇ ಫಿಶರ್ ಅಲ್ಲಿದ್ದರು. ಎಂಟು ಕಪ್ಪಿನ ಆ ಪರೀಕ್ಷೆಯ ಲೆಕ್ಕವನ್ನು 1935ರಲ್ಲಿ ಬರೆದರು, ಇವತ್ತಿಗೂ ಎಲ್ಲರೂ ಅದನ್ನೇ ಪಾಠ ಮಾಡುತ್ತಾರೆ.

ನೀವೂ ಎಂಟು ಲೋಟ ಮಾಡಿ. ನಾಲ್ಕು ಚಿಕೋರಿ, ನಾಲ್ಕು ಅಪ್ಪಟ. ನಾಲ್ಕು-ನಾಲ್ಕು ಇದೆ ಅಂತ ಅವರಿಗೆ ಹೇಳಿ, ಯಾವುದು ಯಾವುದು ಅಂತ ಹೇಳಬೇಡಿ. ಎಂಟರಲ್ಲಿ ನಾಲ್ಕನ್ನು ಆರಿಸುವ ದಾರಿ 70. ಏನೂ ಗೊತ್ತಿಲ್ಲದೆ ಊಹಿಸಿದವನಿಗೆ ನಾಲ್ಕೂ ಸರಿ ಬರುವ ಸಾಧ್ಯತೆ 70ಕ್ಕೆ ಒಂದು, ಅಂದರೆ ಸುಮಾರು ಶೇ. 1.4. ನಾಲ್ಕೂ ಸರಿ ಹೇಳಿದರೆ ನಂಬಿಬಿಡಿ.

ಮೂರು ಸರಿ, ಒಂದು ತಪ್ಪು ಮಾಡಿ ‘ನೋಡು, ಎಂಟರಲ್ಲಿ ಆರು ಲೋಟ ಸರಿ’ ಅಂತ ಮೀಸೆ ತಿರುವಿದರೆ ಒಪ್ಪಬೇಡಿ. ಅಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಬರೀ ಊಹೆಯಲ್ಲೇ 70ರಲ್ಲಿ 17 ಸಲ ಬರುತ್ತದೆ. ಹೆಚ್ಚುಕಮ್ಮಿ ನಾಲ್ಕಕ್ಕೆ ಒಂದು.

ಮಾಡುವಾಗ ಒಂದಷ್ಟು ಎಚ್ಚರ ಬೇಕು. ಚಿಕೋರಿ ಹಾಕಿದ ಡಿಕಾಕ್ಷನ್ ಕಪ್ಪಗೆ ಕಾಣುತ್ತದೆ, ಆದ್ದರಿಂದ ಸ್ಟೀಲ್ ಲೋಟದಲ್ಲಿ ಕೊಡಿ, ದೀಪ ಮಂದ ಇರಲಿ ಅಥವಾ ಕಣ್ಣಿಗೆ ಬಟ್ಟೆ ಕಟ್ಟಿ. ಎಲ್ಲ ಒಂದೇ ಬಿಸಿ ಇರಬೇಕು. ಲೋಟದ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ. ಲೋಟ ಕೊಡುವವರಿಗೂ ಯಾವುದು ಯಾವುದು ಅಂತ ಗೊತ್ತಿರಬಾರದು, ನಿಮ್ಮ ಮುಖ ನೋಡಿಯೇ ಅವರು ಹೇಳಿಬಿಡುತ್ತಾರೆ, ಮದುವೆಯಾಗಿ ಎಷ್ಟು ವರ್ಷ ಆಯಿತೋ ಏನೋ. ಮಕ್ಕಳ ಕೈಲಿ ಕೊಡಿಸಿ. ಸಕ್ಕರೆ ಬೇಡ. ಎಂಟು ಲೋಟ ಪೂರ್ತಿ ಕುಡಿಸಬೇಡಿ, ರಾತ್ರಿ ನಿದ್ದೆ ಬರುವುದಿಲ್ಲ. ಎಷ್ಟು ಸರಿ ಬಂತು ಅಂತ ಒಂದು ಕಾರ್ಡ್ ಹಾಕಿ.